ಹತ್ತೊಂಬತ್ತನೇ ಗೇಟು

11 ಆಗಸ್ಟ್ 2024, ಭಾನುವಾರ
ಬಳಗಾನೂರು

ನಿನ್ನೆ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಗಿದೆ. ಡ್ಯಾಂ ತುಂಬಿ 105 ಟಿಎಂಸಿ ಇತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿದ್ದಾರೆ. ಲಕ್ಷ ಕ್ಯೂಸೆಕ್ಕಿನಷ್ಟು ನೀರು ಹೊಳೆಗೆ ಹೋಗುತ್ತಿದೆ.

ನಮ್ಮ ಸ್ವಂತ ಹೊಲದಲ್ಲಿ ನಾಟಿ ಮುಗಿದಿದೆ, ಲೀಜಿನ ಹೊಲ ಬಾಕಿ. ಹೋದ ವರ್ಷ ಬರ. ಡ್ಯಾಮಿನಿಂದ ನಮ್ಮ ಕಾಲುವೆಗೆ ಎರಡನೇ ಬೆಳೆಯ ನೀರು ಬರಲೇ ಇಲ್ಲ. ಗೊಬ್ಬರದಂಗಡಿಯ ಆಗಿನ ಉದ್ರಿ ಇನ್ನೂ ತೀರಿಲ್ಲ. ಈ ವರ್ಷ ಡ್ಯಾಂ ತುಂಬಿತೆಂದು ಊರೆಲ್ಲ ನೆಮ್ಮದಿಯ ಉಸಿರು ಬಿಟ್ಟಿತ್ತು.

13 ಆಗಸ್ಟ್, ಮಂಗಳವಾರ

ಮುಖ್ಯಮಂತ್ರಿ ಸಿದ್ದರಾಮಯ್ಯನವರು ಇಂದು ಡ್ಯಾಮಿಗೆ ಬಂದಿದ್ದರು. ನಮ್ಮ ಮನೆಯವರು ಬೆಳಗಿನಿಂದ ಫೋನು ಹಿಡಿದೇ ಕುಳಿತಿದ್ದಾರೆ. ಅರವತ್ತು ಟಿಎಂಸಿ ಖಾಲಿಯಾಗದೆ ರಿಪೇರಿ ಆಗದು ಎಂದು ಒಬ್ಬರು, ಕಾಲುವೆ ಬಂದ್ ಎಂದು ಇನ್ನೊಬ್ಬರು. ಸಂಜೆ ಊಟಕ್ಕೆ ಕರೆದರೆ, “ಎಲ್ಲಾ ನಮ್ ಹಣೇಬರ” ಎಂದರು.

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. “ಮಳಿ ಬರ್ಲಿಲ್ಲಂದ್ರ ಅದು ಬ್ಯಾರೆ, ಯಪ್ಪಾ. ಚೈನು ಕಡದ್ರ ದೇವ್ರ ಮ್ಯಾಲ ಯಾಕ ಹಾಕ್ತಿ? ಅದನ್ನ ನೋಡ್ಕೊಳ್ಳಾಕ ಮನುಷ್ಯಾರಿರ್ಲಿಲ್ಲೇನು?”

ಅವರ ಮಾತು ನನಗೆ ಎಷ್ಟು ಸಮಾಧಾನ ಕೊಟ್ಟಿತೆಂದರೆ, ಊಟವಾದ ಮೇಲೆ ಲೆಕ್ಕದ ಪುಸ್ತಕ ತೆಗೆದೆ. ಮೂವರೂ ಕುಳಿತೆವು. ಹಚ್ಚಿದ ಗದ್ದೆಯನ್ನು ಬಿಡುವ ಮಾತಿಲ್ಲ. ಯೂರಿಯಾ ಪೂರ್ತಿ ತರದೆ ಸದ್ಯಕ್ಕೆ ಬೇಕಾದಷ್ಟೇ ತರುವುದು. ಲೀಜಿನ ಹೊಲದ ಸಸಿಮಡಿಯನ್ನು ಈ ವಾರ ಕೀಳುವುದು ಬೇಡ. ನೀರು ಕೈಕೊಟ್ಟರೆ ಆ ಎರೆ ನೆಲಕ್ಕೆ ಹಿಂಗಾರಿ ಬಿಳಿಜೋಳ. ಜೋಳ ಬೆಳೆದು ಉಂಡ ನೆಲವೇ ಅದು, ಕಾಲುವೆ ಬಂದದ್ದು ಆಮೇಲೆ. ಭಯ ಹೋಗಲಿಲ್ಲ. ಆದರೆ ಅವರು ಫೋನು ಕೆಳಗಿಟ್ಟರು.

14 ಆಗಸ್ಟ್

ನಾಟಿ ಗುಂಪಿನ ಹೆಣ್ಣುಮಕ್ಕಳು ಬಾಗಿಲಿಗೆ ಬಂದು, “ನಾಳೆ ಬರೂಣೇನ್ರಿ ಅಕ್ಕಾ?” ಎಂದು ಕೇಳಿದರು. ಬೇಡವೆನ್ನಲು ನಾಲಿಗೆ ಏಳಲಿಲ್ಲ. ನಮಗೆ ನಷ್ಟವಾದರೆ ಅಂಗಡಿಯವರು ಮತ್ತೊಂದು ಸಲ ಉದ್ರಿ ಕೊಟ್ಟಾರು. ಇವರಿಗೆ ಒಂದು ದಿನದ ಕೂಲಿ ತಪ್ಪಿದರೆ ಅದನ್ನು ತುಂಬಿಕೊಡುವವರಿಲ್ಲ. ಡ್ಯಾಮಿನ ಸುದ್ದಿಯಲ್ಲಿ ಎಲ್ಲರೂ ರೈತರನ್ನು ಹೇಳುತ್ತಾರೆ, ಇವರನ್ನು ಯಾರೂ ಹೇಳುವುದಿಲ್ಲ. ಹಚ್ಚಿದ ಗದ್ದೆಯ ಕಳೆ ಈಗಲೇ ತೆಗೆಸೋಣವೆಂದು ಕೆಲವರಿಗಾದರೂ ಬರಹೇಳಿದೆ.

17 ಆಗಸ್ಟ್, ಶನಿವಾರ

ಮುರಿದ ಗೇಟಿನಿಂದ ಹೋಗುತ್ತಿದ್ದ ನೀರು ಬಂದ್ ಆಯಿತು! ನಿನ್ನೆ ಸಂಜೆ ಮೊದಲ ಸ್ಟಾಪ್‌ಲಾಗ್ ಕುಳಿತಿತು, ಇಂದು ಉಳಿದವೂ ಕುಳಿತವು. 60 ಅಡಿ ಅಗಲ, 4 ಅಡಿ ಎತ್ತರದ ಐದು ಉಕ್ಕಿನ ಹಲಗೆಗಳನ್ನು, ಡ್ಯಾಂ ಖಾಲಿಯಾಗುವವರೆಗೆ ಕಾಯದೆ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿದರು. ಮುಂದೆ ನಿಂತು ಮಾಡಿಸಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರಿಗೆ ಎಂಬತ್ತರ ಹತ್ತಿರದ ವಯಸ್ಸು. ಆ ಭೋರ್ಗರೆತದ ಮೇಲೆ ಜೀವದ ಹಂಗು ತೊರೆದು ದುಡಿದ ಕಾರ್ಮಿಕರಿಗೆ ಕೈಮುಗಿಯುತ್ತೇನೆ.

ಡ್ಯಾಮಿನಲ್ಲಿ ಉಳಿದದ್ದು 70 ಟಿಎಂಸಿಯ ಆಸುಪಾಸು. ಒಂದು ಬೆಳೆಗೆ ಧೈರ್ಯ ಬಂತು. ಸೋಮವಾರದಿಂದ ಲೀಜಿನ ಹೊಲದಲ್ಲಿ ನಾಟಿ. ಗುಂಪಿನ ಎಲ್ಲರಿಗೂ ಹೇಳಿ ಕಳಿಸಿದ್ದೇನೆ.

22 ಸೆಪ್ಟೆಂಬರ್, ಭಾನುವಾರ

ಮೇಲೆ ಮಳೆ ಚೆನ್ನಾಗಿ ಆಗಿ ಡ್ಯಾಂ ಮತ್ತೆ ತುಂಬಿದೆ. ಇಂದು ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದರು, ಗೇಟು ಕೂರಿಸಿದವರಿಗೆ ಸನ್ಮಾನವಾಯಿತು. ಗದ್ದೆ ಹಸಿರಾಗಿದೆ. ಮನೆಯವರು ಎರಡನೇ ಬೆಳೆಯ ಮಾತು ಎತ್ತಿದ್ದಾರೆ. ನೀರಾವರಿ ಸಲಹಾ ಸಮಿತಿ ತೀರ್ಮಾನಿಸುವವರೆಗೆ ಬೀಜಕ್ಕೆ ಒಂದು ರೂಪಾಯಿಯನ್ನೂ ಹಾಕುವುದು ಬೇಡವೆಂದೆ, ಒಪ್ಪಿದರು.

ಈ ಸಲ ಮಳೆ ನಮ್ಮನ್ನು ಉಳಿಸಿತು. ಆದರೆ ಡ್ಯಾಂ ಕಟ್ಟಿ ಎಪ್ಪತ್ತು ವರ್ಷ; ಹಳೆಯ ಗೇಟುಗಳು ಇನ್ನೂ 32 ಇವೆ. ಬೇಸಿಗೆಯಲ್ಲಿ ನೀರು ತಳ ಕಂಡಾಗಲೇ ಅವನ್ನು ಬದಲಿಸಬೇಕು. ಅದಕ್ಕಾಗಿ ಒಂದು ಬೆಳೆ ಬಿಡಬೇಕಾದರೆ ಮೊದಲೇ ಹೇಳಲಿ, ಕೂಲಿಯವರಿಗೂ ಪರಿಹಾರ ಕೊಡಲಿ; ನಾವು ಜೋಳ ಬಿತ್ತುತ್ತೇವೆ.