ವೇದಗಂಗೆಯಲ್ಲಿ ಮುಳುಗೆದ್ದ ಎಚ್‌ಎಂಟಿ

ಬೆಳಗಾವಿ ಜಿಲ್ಲೆಯ ನಮ್ಮ ಅಕ್ಕೋಳದಲ್ಲಿ ಹಳೆಯ ಟ್ರ್ಯಾಕ್ಟರನ್ನು ಕಣ್ಣಿಗಿಂತ ಮೊದಲು ಕಿವಿ ಗುರುತು ಹಿಡಿಯುತ್ತದೆ. ಕಟ್ಟೆಯ ಮೇಲೆ ಕುಳಿತ ಹಿರಿಯರು ಹೊರಳಿಯೂ ನೋಡುವುದಿಲ್ಲ. ಗಾಡಿ ಇನ್ನೂ ಹೊಲದ ದಾರಿಯಲ್ಲಿರುವಾಗಲೇ ‘ಎಚ್‌ಎಂಟಿ ಬಂತು ನೋಡು’ ಅನ್ನುತ್ತಾರೆ. ಎರಡೇ ಸಿಲಿಂಡರಿನ ಎಚ್‌ಎಂಟಿ 2511ರ ಬಡಿತವನ್ನು ಒಂದೊಂದಾಗಿ ಎಣಿಸಬಹುದು. ಮೂರು ಸಿಲಿಂಡರಿನ ಮ್ಯಾಸ್ಸಿ 1035ರ ಸದ್ದು ಅದಕ್ಕಿಂತ ಬಿರುಸು. ನಾಲ್ಕು ಸಿಲಿಂಡರಿನ ಇಂಟರ್‌ನ್ಯಾಷನಲ್ ಬಿ-275 ಒಂದೇ ಸಮನೆ ಗುಂಯ್‌ಗುಡುತ್ತದೆ. ಈ ಗಾಡಿಗಳು ಒಂದೊಂದಾಗಿ ಗುಜರಿ ಅಂಗಡಿಯ ಗ್ಯಾಸ್ ಕಟರಿಗೆ ಬಲಿಯಾಗುತ್ತಿವೆ. ಅಲ್ಲಿಗೆ ಹೋಗುವ ಮುಂಚೆ ಕೆಲವನ್ನಾದರೂ ತಡೆದು, ಬಿಚ್ಚಿ, ತೊಳೆದು, ಮತ್ತೆ ಕಟ್ಟಿ ಹೊಲಕ್ಕೆ ಇಳಿಸಬೇಕೆಂಬ ಹಂಬಲ ನನಗೆ ಹತ್ತಿ ಬಹಳ ಕಾಲವಾಯಿತು. ಅದನ್ನು ಬರಿಯ ಹವ್ಯಾಸವೆಂದು ನಾನು ಎಂದೂ ಎಣಿಸಿಲ್ಲ.

ಎತ್ತಿನ ನೇಗಿಲಿನ ಕಾಲದಿಂದ ನಮ್ಮನ್ನು ದಾಟಿಸಿದ್ದೇ ಈ ಗಾಡಿಗಳು. ದೇಶದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರ್ 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಹೊರಬಂತು. 1963ರಲ್ಲಿ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಜೊತೆ ಸೇರಿ ಕಟ್ಟಿದ ಕಂಪನಿಯಿಂದ ಬಿ-275 ಬಂತು. ಇನ್ನು ಎಚ್‌ಎಂಟಿ, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು, ಕೈಗಡಿಯಾರದಿಂದಲೇ ನಮಗೆಲ್ಲ ಪರಿಚಿತ. ಅದು 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಜೆಕೊಸ್ಲೊವಾಕಿಯಾದ ಜೆಟರ್ ವಿನ್ಯಾಸದ 25 ಎಚ್‌ಪಿ ಟ್ರ್ಯಾಕ್ಟರ್ ಮಾಡತೊಡಗಿತು. ಜೆಟರಿನ ಎಂಜಿನಿಯರುಗಳು 1960ರ ಹೊತ್ತಿಗೇ ಒಂದು ಜಾಣತನ ತೋರಿಸಿದ್ದರು. ಎರಡು, ಮೂರು, ನಾಲ್ಕು ಸಿಲಿಂಡರಿನ ಗಾಡಿಗಳಿಗೆ ಆದಷ್ಟೂ ಒಂದೇ ನಮೂನೆಯ ಭಾಗಗಳನ್ನು ಹಾಕಿದ್ದರು. ಇದರ ಬೆಲೆ ರೈತನಿಗೆ ಗೊತ್ತಾಗುವುದು ಗಾಡಿ ಹಳತಾಗಿ, ಒಂದರ ಸಾಮಾನು ಇನ್ನೊಂದಕ್ಕೆ ಕೂಡುತ್ತದೆಯೇ ಎಂದು ಹುಡುಕುವಾಗ. 2016ರಲ್ಲಿ ಪಿಂಜೋರಿನ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕಾರ್ಖಾನೆಗೆ ಬೀಗ ಬಿದ್ದರೂ ಅದರ ಗಾಡಿಗಳು ನಮ್ಮ ಹೊಲಗಳಲ್ಲಿ ಇನ್ನೂ ದುಡಿಯುತ್ತಿವೆ.

ನಾನು ಹೇಳಹೊರಟಿರುವ 2511 ನನ್ನ ಸೋದರಮಾವನದು. ಅಕ್ಕೋಳ–ಸಿದ್ನಾಳ ಸೇತುವೆ ವೇದಗಂಗೆಯಲ್ಲಿ ಮುಳುಗುವುದು ನಮಗೆ ಮಳೆಗಾಲದ ಮಾಮೂಲಿ ಸುದ್ದಿ. 2019ರ ಆಗಸ್ಟಿನ ಮಹಾಪೂರದ ಮಾತೇ ಬೇರೆ. ನೀರು ಹೊಲಮನೆಗೇ ನುಗ್ಗಿತು. ಮಾವನ ಮನೆಯವರು ದನಕರು ಬಿಚ್ಚಿಕೊಂಡು, ಕಾಳುಕಡಿ ಹೊತ್ತುಕೊಂಡು ಎತ್ತರಕ್ಕೆ ಹೋದರು. ಬ್ಯಾಟರಿ ಇಳಿದು ನಿಂತಿದ್ದ ಟ್ರ್ಯಾಕ್ಟರ್ ಅಲ್ಲೇ ಉಳಿಯಿತು. ನೀರು ಇಳಿದಾಗ ಸ್ಟೇರಿಂಗಿನ ತನಕ ಕೆಸರು. ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ದರ ಹೇಳಿದ. ಮಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ತಂಬಾಕಿನ ಹೊಲ ಹಸನು ಮಾಡಿದ್ದು, ಕಬ್ಬು ಎಳೆದದ್ದು, ಮನೆಯ ಹೆಣ್ಣುಮಕ್ಕಳ ಮದುವೆಗೆ ಬೀಗರನ್ನು ಟ್ರಾಲಿಯಲ್ಲಿ ಕೂಡಿಸಿಕೊಂಡು ಬಂದದ್ದು ಇದೇ ಗಾಡಿ. “ಮಾಮಾ, ಭಂಗಾರಕ್ಕ ಹಾಕಬ್ಯಾಡ್ರಿ, ನಾ ಚಾಲೂ ಮಾಡಿ ಕೊಡತೀನಿ” ಅಂದೆ.

ಈ ಕೆಲಸದಲ್ಲಿ ನನ್ನ ಗುರು ನಿಪ್ಪಾಣಿಯ ವಯಸ್ಸಾದ ಮಿಸ್ತ್ರಿಯೊಬ್ಬರು. ಅವರು ಮೊದಲು ಎಂಜಿನ್ನಿನ ಅಡಿಯ ಬೋಲ್ಟ್ ಬಿಚ್ಚಿದರು. ನೀರು ಹರಿದು ಬಂತು, ಅದರ ಹಿಂದೆ ನೊರೆಗಟ್ಟಿ ಬೆಳ್ಳಗಾದ ಆಯಿಲ್. ಕ್ರ್ಯಾಂಕ್ ತಿರುಗಿಸಲು ನೋಡಿದರೆ ಪೂರಾ ಜಾಮ್. ನಾನು ಉದ್ದನೆಯ ಪೈಪು ತರಲು ಹೊರಟಾಗ ಅವರು ತಡೆದರು. “ಗಡಬಡಿ ಮಾಡಬ್ಯಾಡೋ ತಮ್ಮಾ. ಕಬ್ಬಿಣ ಕೆಟ್ಟಿಲ್ಲ, ರಿಂಗ್ ಹಿಡದಾವ ಅಷ್ಟ. ಎಣ್ಣಿ ಒಳಗ ಇಳೀಲಿ, ತಾನ ಬಿಡತೈತಿ” ಅಂದರು. ಎರಡೂ ನೋಜಲ್ ಕಳಚಿ, ಆ ತೂತುಗಳಲ್ಲಿ ಡೀಸೆಲ್ಲು ಸೀಮೆಎಣ್ಣೆ ಬೆರೆಸಿ ಸುರಿದು, ಬಟ್ಟೆ ತುರುಕಿ ಬಿಟ್ಟರು. ದಿನಾ ಅಷ್ಟು ಎಣ್ಣೆ, ಅಷ್ಟೇ ಮೆಲ್ಲಗೆ ಒಂದು ಜಗ್ಗು. ಕೊನೆಗೊಂದು ಮುಂಜಾನೆ ಪುಲ್ಲಿ ಬೆರಳಗಲ ಸರಿಯಿತು.

ಹೆಡ್ ಎತ್ತಿದಾಗ ಒಂದು ಲೈನರಿನ ಗೋಡೆಯ ಮೇಲೆ ರಿಂಗ್ ಕುಳಿತ ಜಾಗದಲ್ಲೇ ತುಕ್ಕಿನ ಬಳೆ ಮೂಡಿತ್ತು. ಈ ಎಂಜಿನ್ನಿನಲ್ಲಿ ಲೈನರಿನ ಹೊರಮೈಗೆ ನೀರು ತಾಕಿಕೊಂಡೇ ಇರುತ್ತದೆ. ತಳದ ರಬ್ಬರ್ ರಿಂಗೊಂದೇ ಆ ನೀರನ್ನು ಆಯಿಲಿಗೆ ಸೇರದಂತೆ ತಡೆಯುವುದು. ಹಳೆಯ ಲೈನರ್ ಎಳೆದು, ಅದರ ಹಿಂದೆ ವರ್ಷಗಳಿಂದ ಕಟ್ಟಿದ್ದ ಸುಣ್ಣ ಕೆರೆದು, ಹೊಸ ರಬ್ಬರಿಗೆ ಸಾಬೂನು ನೀರು ಸವರಿ, ಕೈಯಿಂದಲೇ ನೆಟ್ಟಗೆ ಒತ್ತಿ ಇಳಿಸಬೇಕು. ರಬ್ಬರ್ ಎಲ್ಲಿಯಾದರೂ ಮಡಚಿತೋ, ಮಾಡಿದ ಕೆಲಸವೆಲ್ಲ ನೀರುಪಾಲು. ಕ್ರ್ಯಾಂಕ್ ಲೇತಿಗೆ ಹೋಗಿ ‘ಹತ್ತು ಸೈಜ್’ ಆಯಿತು, ಅಂದರೆ ಸವೆದ ಮೈಯನ್ನು ಕಾಲು ಮಿಲಿಮೀಟರ್ ಕಡಿಮೆ ವ್ಯಾಸಕ್ಕೆ ತಿದ್ದಿ, ಅದಕ್ಕೆ ತಕ್ಕ ದಪ್ಪದ ಬೇರಿಂಗ್ ಹಾಕಿದರು. ಕಾಲು ಮಿಲಿಮೀಟರಿನ ಆ ಲೆಕ್ಕದಲ್ಲಿ ಗಾಡಿಗೆ ಇನ್ನಷ್ಟು ವರ್ಷಗಳ ಆಯುಷ್ಯವಿತ್ತು.

ಆಮೇಲೆ ಡೀಸೆಲ್ ಪಂಪು. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಕಡೆ ಇಂದಿಗೂ ಮೈಕೋ ಪಂಪು ಅಂತಲೇ ಕರೆಯುತ್ತಾರೆ. ಅದರೊಳಗಿನ ಪ್ಲಂಜರ್ ಎಷ್ಟು ನಾಜೂಕಾಗಿ ಕೂತಿರುತ್ತದೆಂದರೆ ನದಿಯ ಮಣ್ಣಿನ ಒಂದು ಕಣ ಸಾಕು ಗೀರು ಬೀಳಲು. ಅದನ್ನು ಪಂಪಿನ ಕೆಲಸವನ್ನಷ್ಟೇ ಮಾಡುವವರ ಕೈಗೆ ಕೊಟ್ಟು ಸರಿ ಮಾಡಿಸಿದೆವು. ನೋಜಲ್ ಹನಿ ಉದುರಿಸದೆ ಮಂಜು ಸಿಡಿಸಬೇಕು, ಆಗಲೇ ಅದು ನೆಟ್ಟಗಾದಂತೆ. ಕಡೆಗೆ ಏರ್ ತೆಗೆಯುವ ಕೆಲಸ. ಫಿಲ್ಟರಿನ ನಟ್ ಸಡಿಲಿಸಿ, ಗುಳ್ಳೆ ನಿಂತು ಬರಿ ಡೀಸೆಲ್ ಬರುವ ತನಕ ಕೈಪಂಪು ಒತ್ತಿ, ನಂತರ ನೋಜಲ್ ಪೈಪಿನ ನಟ್‌ಗಳಲ್ಲೂ ಹಾಗೆಯೇ ಗಾಳಿ ಬಿಡಬೇಕು. ಸ್ಟಾರ್ಟ್ ಕೊಟ್ಟಾಗ ಮೊದಲು ಬಿಳಿ ಹೊಗೆ, ಒಂದು ಕೆಮ್ಮು, ಆಮೇಲೆ ಆ ಎಣಿಸಬಹುದಾದ ಬಡಿತ. ಮಿಸ್ತ್ರಿ ಸೈಲೆನ್ಸರಿನತ್ತ ನೋಡುತ್ತ ನಿಂತಿದ್ದರು. ನೀಲಿ ಹೊಗೆ ಇಲ್ಲ, ಅಂದರೆ ಆಯಿಲ್ ಸುಡುತ್ತಿಲ್ಲ. ಮಾವ ಕೇಳಿದ್ದು ಒಂದೇ ಮಾತು: “ಲಿಫ್ಟ್ ಎತ್ತತೈತೇನು?”

ಆ ಪ್ರಶ್ನೆಯನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಉಪಕರಣವನ್ನು ಮೂರು ತೋಳುಗಳಲ್ಲಿ ಹಿಡಿದು ಹೈಡ್ರಾಲಿಕ್‌ನಿಂದ ಎತ್ತಿ ಇಳಿಸುವ ಈ ಲಿಫ್ಟ್ ಏರ್ಪಾಟನ್ನು ಜಗತ್ತಿನಲ್ಲಿ ಬಳಕೆಗೆ ತಂದವನು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಇಂಗ್ಲೆಂಡಿನಲ್ಲಿ 1946ರಿಂದ ತಯಾರಾದ ಅವನ ಬೂದು ಬಣ್ಣದ ಟಿಇ20 ಗಾಡಿಗಳನ್ನು ಅಲ್ಲಿನವರು ಇಂದಿಗೂ ತಿದ್ದಿತೀಡಿ ಮೇಳಗಳಲ್ಲಿ ಮೆರೆಸುತ್ತಾರೆ. ಅದೂ ಪ್ರೀತಿಯೇ. ನಮ್ಮ ಪ್ರೀತಿಯ ರೀತಿ ಬೇರೆ. ಖಂಡೇನವಮಿಗೆ ನಾವು ಗಾಡಿಗೆ ಹೂವಿನ ಹಾರ ಹಾಕಿ ಪೂಜೆ ಮಾಡಿ, ಮರುದಿನ ಗೊಬ್ಬರ ಹೇರುತ್ತೇವೆ. ಬಣ್ಣ ಬಳಿದು ನಿಲ್ಲಿಸಿದ ಟ್ರ್ಯಾಕ್ಟರಿನ ಒಳಗೆ ರಿಂಗುಗಳು ಮತ್ತೆ ಹಿಡಿಯುತ್ತವೆ. ಅದನ್ನು ಉಳಿಸುವ ಖಾತ್ರಿ ಉಪಾಯವೆಂದರೆ ಅದರಿಂದ ಕೆಲಸ ತೆಗೆಯುವುದು.

ಕಾರ್ಖಾನೆ ಮುಚ್ಚಿದ ಮೇಲೂ ಸಾಮಾನು ಎಲ್ಲಿಂದ ಬರುತ್ತದೆ ಎಂದು ಹಲವರು ಕೇಳುತ್ತಾರೆ. ನಮ್ಮ ಸುತ್ತಿನ ಭೂಮಿಯೇ ಅದಕ್ಕೆ ಉತ್ತರ; ಕಬ್ಬಿಣದ ಕೆಲಸ ಇಲ್ಲಿ ಹಳೆಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಕಿದರೆ ಮಣ್ಣು ವಿಷವಾಗುತ್ತದೆಂದು ರೈತರು ಅಂಜಿದ್ದರು. 1910ರಲ್ಲಿ ಅವರು ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಇಂದು ಕೊಲ್ಹಾಪುರದ ಉದ್ಯಮನಗರದಿಂದ ಬೆಳಗಾವಿಯ ಉದ್ಯಮಬಾಗದ ತನಕ ಫೌಂಡ್ರಿಗಳೂ ಲೇತ್‌ಗಳೂ ತುಂಬಿವೆ. ಒಡೆದ ಭಾಗವನ್ನು ಕೈಯಲ್ಲಿ ಹಿಡಿದು ಹೋದರೆ ಅಂಥದ್ದೇ ಎರಕ ಹೊಯ್ದು, ಕಡೆದು ಕೊಡುವ ಜನ ಸಿಗುತ್ತಾರೆ. ಅಲ್ಲಿ ಕನ್ನಡ, ಮರಾಠಿ ಯಾವುದರಲ್ಲಿ ಮಾತಾಡಿದರೂ ಅಳತೆ ತಪ್ಪುವುದಿಲ್ಲ.

ಹತ್ತು ವರ್ಷ ದಾಟಿದ ಟ್ರ್ಯಾಕ್ಟರನ್ನು ಸರ್ಕಾರ ಗುಜರಿಗೆ ಹಾಕಿಸುತ್ತದೆಂಬ ಪುಕಾರು ಊರೂರಿಗೆ ಹಬ್ಬಿತ್ತು. ಅಂಜಿ ಗಾಡಿ ಮಾರಿದವರೂ ಇದ್ದಾರೆ. ಅದು ಸುಳ್ಳೆಂದು ಕೇಂದ್ರ ಸಾರಿಗೆ ಸಚಿವಾಲಯ 2023ರಲ್ಲಿ ಸ್ಪಷ್ಟಪಡಿಸಿತು. ಕೃಷಿ ಟ್ರ್ಯಾಕ್ಟರಿನ ನೋಂದಣಿ ಮೊದಲು 15 ವರ್ಷಕ್ಕೆ, ನಂತರ ಐದೈದು ವರ್ಷಕ್ಕೆ ನವೀಕರಣ. ಕಾಗದ ಸರಿಯಿದ್ದು ಗಾಡಿ ಗಟ್ಟಿಯಿದ್ದರೆ ಅದಕ್ಕೆ ವಯಸ್ಸಿನ ಮಿತಿಯಿಲ್ಲ. ಈ ಮಾತು ಪ್ರತಿ ರೈತನಿಗೂ ಮುಟ್ಟಬೇಕು.

ಹೊಸ ಗಾಡಿಗಳ ಮೇಲೆ ನನಗೆ ಮುನಿಸಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯಲು ದೊಡ್ಡ ಎಂಜಿನ್ ಬೇಕೇ ಬೇಕು. 2023ರಿಂದ 50 ಎಚ್‌ಪಿ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾದದ್ದೂ ಒಳ್ಳೆಯದೇ. ಆದರೆ ಆ ಎಂಜಿನ್ನುಗಳ ಡೀಸೆಲ್ ಲೆಕ್ಕವನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆ ಇಡುತ್ತದೆ; ಕೆಟ್ಟರೆ ಕಂಪನಿಯವರು ಬರುವ ತನಕ ದಾರಿ ಕಾಯಬೇಕು. 2511 ಹಾಗಲ್ಲ. ಎಂಜಿನ್ ಏಕೆ ನಿಂತಿತು ಎಂಬುದನ್ನು ಹದಿನೆಂಟರ ಹುಡುಗನೊಬ್ಬ ಕೈಯಲ್ಲಿ ಪಾನಾ ಹಿಡಿದು ತಾನೇ ಹುಡುಕಿ ತಿಳಿಯಬಹುದು. ಒಮ್ಮೆ ಹಾಗೆ ತಿಳಿದವನು ಯಾವ ಯಂತ್ರದ ಎದುರೂ ಕೈಕಟ್ಟಿ ನಿಲ್ಲುವುದಿಲ್ಲ. ಹಳೆಯ ಟ್ರ್ಯಾಕ್ಟರನ್ನು ಕತ್ತರಿಸಿದಾಗ ಹೋಗುವುದು ಕಬ್ಬಿಣವಷ್ಟೇ ಅಲ್ಲ, ಹೀಗೆ ಕಲಿಯುವ ದಾರಿಯೂ ಹೋಗುತ್ತದೆ. ನನ್ನ ಸಂಕಟ ಇದು.

ಆದ್ದರಿಂದ ನನ್ನ ಬೇಡಿಕೆ ನೇರವಾಗಿದೆ. ಎಚ್‌ಎಂಟಿ ಜನರ ಹಣದಿಂದ ನಡೆದ ಸಂಸ್ಥೆ. ಅದರ ಟ್ರ್ಯಾಕ್ಟರುಗಳ ನಕ್ಷೆ, ಅಳತೆ, ದುರಸ್ತಿ ಪುಸ್ತಕಗಳೆಲ್ಲ ಈಗ ಜನರ ಕೈಗೆ ಬರಲಿ, ಕನ್ನಡದಲ್ಲಿಯೂ ಬರಲಿ. ನಮ್ಮ ಗಡಿಭಾಗದ ಒಂದೊಂದು ಐಟಿಐಯಲ್ಲೂ ನಿಂತುಹೋದ ಹಳೆಯ ಟ್ರ್ಯಾಕ್ಟರೊಂದನ್ನು ತಂದಿಟ್ಟು, ಊರ ಮಿಸ್ತ್ರಿಯನ್ನು ಗೌರವಧನ ಕೊಟ್ಟು ಕರೆಸಿ, ಮಕ್ಕಳ ಕೈಯಿಂದ ಬಿಚ್ಚಿಸಿ ಕಟ್ಟಿಸಲಿ. ನನ್ನ ಗುರುವಿನ ವಾರಿಗೆಯ ಮಿಸ್ತ್ರಿಗಳಿಗೆ ವಯಸ್ಸಾಗಿದೆ. ಅವರ ಕೈ ಇನ್ನೂ ನಡುಗದಿರುವಾಗಲೇ ಈ ಕೆಲಸ ಆಗಬೇಕು.