ಮಾಷ್ಟ್ರ ಪಟ್ಟಿ

ತೀರ್ಥಹಳ್ಳಿಯಲ್ಲಿ ಉಪ್ಪಿನಕಾಯಿ ಮಾಡಿ ಮಾರುವ ನನ್ನ ತಂಗಿಯ ಮಗಳು ಮೊನ್ನೆ ಫೋನು ಮಾಡಿದ್ದಳು. ಗಿರಾಕಿಗಳಿಗೆ ಕಳಿಸುವ ಇಮೇಲ್‌ಗಳೆಲ್ಲ ಸ್ಪ್ಯಾಮಿಗೆ ಬೀಳುತ್ತಿವೆಯಂತೆ. "ಮಾವ, ಈ ವೈಟ್‌ಲಿಸ್ಟಿಗೆ ಹೆಸರು ಹಾಕ್ಸೋದು ಯಾರ ಹತ್ರ?"

ಈಗಿನದು ನನಗೇನು ಗೊತ್ತು? ಇಪ್ಪತ್ತೈದು ವರ್ಷದ ಹಿಂದಾದರೆ ಹೇಳುತ್ತಿದ್ದೆ: ಸಾಗರ, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿ, ಮಹಡಿ ಮೇಲೆ, ಮಾಷ್ಟ್ರ ಹತ್ರ.

ಮಾಷ್ಟ್ರು ಟೈಪಿಂಗ್ ಕಲಿಸುತ್ತಿದ್ದವರು. ಕಲಿಯುವವರು ಕಮ್ಮಿಯಾದ ಮೇಲೆ ಟೈಪ್‌ರೈಟರುಗಳನ್ನು ಗೋಡೆಗೆ ಸರಿಸಿ ಮೂರು ಕಂಪ್ಯೂಟರ್ ಇಟ್ಟು ಸೈಬರ್ ಸೆಂಟರ್ ಮಾಡಿದರು. ನಾನು ಅಲ್ಲಿ ಸಹಾಯಕ. ಕೊಯ್ಲಿನ ದಿನಗಳಲ್ಲಿ ಮಹಡಿ ಹತ್ತಿದರೆ ರಿಬ್ಬನ್ನಿನ ಮಸಿ, ಯಂತ್ರದ ಎಣ್ಣೆ, ತೋಟದಿಂದ ನೇರ ಬಂದವರ ಅಂಗಿಗೆ ಹತ್ತಿದ ಅಡಿಕೆ ಚೊಗರು ಎಲ್ಲ ಬೆರೆತ ಒಂದು ವಾಸನೆ. ಅದು ಈಗ ಬೇಕೆಂದರೂ ಎಲ್ಲೂ ಸಿಗುವುದಿಲ್ಲ.

ಹಾಟ್‌ಮೇಲ್ ಆಗ ಕೊಡುತ್ತಿದ್ದ ಜಾಗ ಬರೇ 2 ಎಂಬಿ. ತಿಂಗಳಿಗೊಮ್ಮೆ ಪೇಟೆಗೆ ಬರುವವರ ಡಬ್ಬಿ ಅಷ್ಟರೊಳಗೆ ಜಾಹೀರಾತುಗಳಿಂದ ತುಂಬಿ, ಅಮೆರಿಕದ ಮಗ ಬರೆದದ್ದು ಅವನಿಗೇ ವಾಪಸು ಹೋಗುತ್ತಿತ್ತು. ಹೊಸನಗರ ಕಡೆಯ ಹೆಗಡೇರೊಬ್ಬರು ಒಂದು ದಿನ ತಕರಾರು ತೆಗೆದರು: "ಗಂಟೆಗೆ ನಲವತ್ತು ಕೊಡ್ತೀನಿ ಮಾಷ್ಟ್ರೇ. ಆದ್ರೆ ಕಸ ಅಳಿಸಿದ ಹೊತ್ತಿಗೂ ಎಂತಕ್ಕೆ ಕೊಡೋದು?"

"ನಿಮಗೆ ಯಾರ್ಯಾರ ಪತ್ರ ಬೇಕು ಹೇಳಿ ಹೆಗಡೇರೆ, ಉಳಿದದ್ದು ನನಗೆ ಬಿಡಿ. ಮೂವತ್ತು ಕೊಡಿ."

"ಇಪ್ಪತ್ತು."

ಇಪ್ಪತ್ತೈದಕ್ಕೆ ನಿಂತಿತು. ಅವತ್ತೇ ನೋಟ್‌ಬುಕ್ ಶುರುವಾದದ್ದು. ಒಬ್ಬೊಬ್ಬರಿಗೆ ಒಂದು ಪುಟ: ಮಗ, ಅಳಿಯ, ಮುಂಬೈಯ ಅಡಿಕೆ ದಲಾಲಿ. ಪಟ್ಟಿಯಲ್ಲಿ ಇದ್ದವರ ಪತ್ರ ಮಾತ್ರ ಒಳಗೆ ಬಿಡುವ ಏರ್ಪಾಡು ಹಾಟ್‌ಮೇಲಿನಲ್ಲೇ ಇತ್ತು. ಉಳಿದವು ಜಂಕಿಗೆ ಹೋಗಿ ಕೆಲ ದಿನದಲ್ಲಿ ತಾವೇ ಅಳಿಯುತ್ತಿದ್ದವು. ಪಾಸ್‌ವರ್ಡೂ ಅದೇ ಪುಟದಲ್ಲಿ. (ಈಗಿನ ಹುಡುಗರು ಕೇಳಿದರೆ ಹೌಹಾರುತ್ತಾರೆ.) ಹೆಗಡೇರಿಗೆ ಅಳಿಯನ ಜೊತೆ ಮಾತು ಬಿಟ್ಟಾಗ ಅಳಿಯನ ಹೆಸರು ಹೊಡೆದುಹಾಕಿದ್ದೂ, ಮೊಮ್ಮಗು ಹುಟ್ಟಿದ ಮೇಲೆ ಮತ್ತೆ ಬರೆದದ್ದೂ ನನಗೆ ನೆನಪಿದೆ.

ಹಾಗಂತ ಎಲ್ಲ ಚೆನ್ನಾಗಿತ್ತು ಅನ್ನಲಾರೆ. ಅರ್ಜಿ ಹಾಕಿ ಕಾಯುತ್ತಿದ್ದ ಹುಡುಗಿಯೊಬ್ಬಳಿಗೆ ಬೆಂಗಳೂರಿನಿಂದ ಸಂದರ್ಶನದ ಕರೆ ಬಂದಿತ್ತು. ಕಂಪನಿಯ ವಿಳಾಸ ಪಟ್ಟಿಯಲ್ಲಿರಲಿಲ್ಲ, ಇರುವುದಾದರೂ ಹೇಗೆ? ಅವಳು ಬಂದು ನೋಡುವಷ್ಟರಲ್ಲಿ ಜಂಕ್ ಖಾಲಿ. ಗುರುತಿದ್ದವರಿಗೆ ಮಾತ್ರ ಬಾಗಿಲು ತೆಗೆದರೆ ಹೊಸಬರು ಬರುವುದು ಹೇಗೆ ಎಂಬುದಕ್ಕೆ ಮಾಷ್ಟ್ರಲ್ಲಿ ಉತ್ತರವಿರಲಿಲ್ಲ.

ಅವರಿಗೆ ಹೊಳೆದದ್ದು ಇನ್ನೊಂದು. ಹೊಸನಗರದಲ್ಲೂ ತೀರ್ಥಹಳ್ಳಿಯಲ್ಲೂ ಅವರ ಶಿಷ್ಯರು ಸೈಬರ್ ಇಟ್ಟಿದ್ದರು. ಮೂರೂ ಊರಿನ ಪಟ್ಟಿ ಒಟ್ಟು ಮಾಡಿದರೆ ಒಬ್ಬರು ನಂಬಿದವರನ್ನು ಎಲ್ಲರೂ ನಂಬಬಹುದಲ್ಲ? ವಿಳಾಸಗಳ ಫ್ಲಾಪಿ ಬಸ್ ಕಂಡಕ್ಟರ ಕೈಯಲ್ಲಿ ಓಡಾಡತೊಡಗಿತು. ಹುಡುಗಿಯಂಥವರಿಗೆ ಅನುಕೂಲವೂ ಆಯಿತು. ಬೇರೆ ಯಾರಿಗೋ ಬರೆದ ಕಂಪನಿ ಇವಳಿಗೂ ಬರೆಯಬಹುದಾಯಿತು. ಆದರೆ ಅಡಿಕೆ ಮಂಡಿಯಲ್ಲಿ ಒಬ್ಬ ಸಾಹುಕಾರರು ಮುಂಗಡ ಕೊಟ್ಟರೆಂದು ಪಕ್ಕದ ಮಂಡಿಯವರು ಕಣ್ಣುಮುಚ್ಚಿ ಕೊಡುತ್ತಾರೆಯೇ? ತೀರ್ಥಹಳ್ಳಿಯ ಯಾರೋ ಆಸೆಪಟ್ಟು ಸೇರಿಸಿದ ಷೇರು ಸಲಹೆಯವರು ಸಾಗರದ ಎಲ್ಲರ ಡಬ್ಬಿಗೂ ನುಗ್ಗಿದರು.

2003ರ ಆಗಸ್ಟಿನಲ್ಲಿ ಸೋಬಿಗ್ ವೈರಸ್ ಬಂತು. ಹೊಕ್ಕ ಕಂಪ್ಯೂಟರಿನಲ್ಲಿ ಸಿಕ್ಕ ವಿಳಾಸಗಳನ್ನೇ ಕಳಿಸಿದವರ ಹೆಸರಾಗಿ ಹಾಕಿಕೊಂಡು ಹರಡುವ ಜಾತಿ ಅದು. ಪಟ್ಟಿ ನೋಡುವುದು ಹೆಸರನ್ನು ತಾನೇ? ಹೆಸರು ಸರಿಯಾಗಿಯೇ ಇತ್ತು. ಮಾಷ್ಟ್ರು ಫ್ಲಾಪಿ ಓಡಾಟ ನಿಲ್ಲಿಸಿ ನೋಟ್‌ಬುಕ್ಕಿಗೇ ಮರಳಿದರು. ಮುಂದಿನ ಏಪ್ರಿಲಿನಲ್ಲಿ 1 ಜಿಬಿಯ ಜಿಮೇಲ್ ಶುರುವಾಯಿತು. ಅದು ಊರಿನವರ ಕೈಗೆ ಸಿಕ್ಕ ಮೇಲೆ ಡಬ್ಬಿ ತುಂಬುವ ಭಯವೇ ಹೋಯಿತು, ಮಾಷ್ಟ್ರ ವ್ಯಾಪಾರವೂ ಹೋಯಿತು.

ಹೆಸರು ಕದಿಯುವುದಕ್ಕೆ ಮದ್ದು ಬಂದಿದೆ, ಒಪ್ಪುತ್ತೇನೆ. 2024ರ ಫೆಬ್ರವರಿಯಿಂದ ಜಿಮೇಲಿಗೆ ಬರೆಯುವವರೆಲ್ಲ ಎಸ್‌ಪಿಎಫ್ ಅಥವಾ ಡಿಕಿಮ್ ಎಂಬ ಗುರುತು ಹಚ್ಚಲೇಬೇಕು. ಪತ್ರ ಎಲ್ಲಿಂದ ಬಂತೆಂದು ಅವು ಹೇಳುತ್ತವೆ, ನನಗೆ ಬೇಕೋ ಬೇಡವೋ ಎಂದು ಹೇಳುವುದಿಲ್ಲ. ಅದನ್ನು ಕೋಟ್ಯಂತರ ಜನರ ಚಾಳಿ ನೋಡಿ ದೂರದ ಯಂತ್ರ ತೀರ್ಮಾನಿಸುತ್ತದೆ; ಉಪ್ಪಿನಕಾಯಿಯವಳ ಪುಟ ಅಲ್ಲಿಲ್ಲ. ಮೊಬೈಲಿನ ಕತೆ ಇನ್ನೂ ಚಂದ. ವ್ಯಾಪಾರದವರು ಕಳಿಸುವ ಎಸ್‌ಎಮ್‌ಎಸ್‌ಗಳಲ್ಲಿ ಪಟ್ಟಿಗೆ ಸೇರಿದ ಲಿಂಕ್ ಮಾತ್ರ ಇರಬೇಕೆಂದು 2024ರ ಅಕ್ಟೋಬರ್ 1ರಿಂದ ದೂರಸಂಪರ್ಕ ನಿಯಂತ್ರಣದ ಟ್ರಾಯ್ ಕಡ್ಡಾಯ ಮಾಡಿತು. ದೇಶಕ್ಕೆಲ್ಲ ಒಂದೇ ವೈಟ್‌ಲಿಸ್ಟ್. ಸಾಲ ಬೇಕೇ, ಸೈಟು ಬೇಕೇ ಎಂದು ದಿನಾ ನನ್ನನ್ನು ಕೇಳುವವರೆಲ್ಲ ಕ್ರಮಬದ್ಧವಾಗಿ ಅದರೊಳಗೆ ಕೂತಿದ್ದಾರೆ. ಅಳಿಸುವ ಹೊತ್ತು ನನ್ನದು, ರೀಚಾರ್ಜೂ ನನ್ನದೇ. ಚೌಕಾಸಿ ಮಾಡೋಣವೆಂದರೆ ಕಸ್ಟಮರ್ ಕೇರಿನ ದನಿ ಒಂದು ಒತ್ತಿ, ಎರಡು ಒತ್ತಿ ಅನ್ನುತ್ತದೆ.