ಹೂವಿನ ಮುರಲು, ಕುಚ್ಚಿನ ಮುರಲು

ಕಳೆದ ಜೂನ್ ತಿಂಗಳ ಮೊದಲ ಭಾನುವಾರ. ಬೆಳಗಿನ ಕೆಲಸ ಮುಗಿಸಿ ಚಹಾದ ಕಪ್ಪು ಹಿಡಿದು ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದೆ. ಅಮೆರಿಕದ ಮಿನೆಸೋಟಾದಲ್ಲಿರುವ ತಮ್ಮನ ಫೋನು ಬಂತು. ಅಲ್ಲಿ ಇನ್ನೂ ಶನಿವಾರದ ಸಂಜೆ. ಪರದೆಯ ಮೇಲೆ ಅವನ ಹದಿಮೂರು ವರ್ಷದ ಮಗ. ದೋಣಿಯ ಅಂಚಿಗೆ ಬಾಗಿ, ತನ್ನ ಕಾಲಿನಷ್ಟು ಉದ್ದದ ಮೀನೊಂದನ್ನು ಎರಡೂ ಕೈಯಿಂದ ಆತುಕೊಂಡಿದ್ದ.

“ಅತ್ತೀ, ಮಸ್ಕಿ ಸಿಕ್ತು!”

“ಯಾವ ಮಸ್ಕಿನೋ? ರಾಯಚೂರ ಕಡೀದೇನು?” ಎಂದೆ.

ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನ ಕಲಿಸಿದವಳಿಗೆ ಮಸ್ಕಿ ಎಂದರೆ 1915ರಲ್ಲಿ ಸಿಕ್ಕ ಅಶೋಕನ ಶಾಸನವೇ ನೆನಪಾಗಬೇಕು. ಹುಡುಗ ನಕ್ಕ. ಅವನ ಮಸ್ಕಿ ಬೇರೆ. ಮಸ್ಕೆಲಂಜ್ ಎಂಬ ಸಿಹಿನೀರಿನ ಮೀನನ್ನು ಅಲ್ಲಿಯವರು ಪ್ರೀತಿಯಿಂದ ಹಾಗೆ ಕರೆಯುತ್ತಾರೆ. ಆ ಹೆಸರು ಅಲ್ಲಿನ ಮೂಲ ನಿವಾಸಿಗಳಾದ ಓಜಿಬ್ವೆ ಜನರ ಮಾತಿನಿಂದ ಬಂದದ್ದಂತೆ. ಅದನ್ನು ಹಿಡಿಯಲು ಜೂನಿನ ಮೊದಲ ಶನಿವಾರದಿಂದಲೇ ಪರವಾನಗಿ. ಅದಕ್ಕಾಗಿಯೇ ತಂದೆ ಮಗ ಇಬ್ಬರೂ ನಸುಕಿನಲ್ಲಿ ಎದ್ದು ಕೆರೆಗೆ ಹೋಗಿದ್ದರು.

“ಪೈಕ್ ಅಂತ ಇನ್ನೊಂದು ಅದ ಅತ್ತಿ. ನೋಡಿದ್ರೆ ಎರಡೂ ಒಂದೇ ಅನಸ್ತಾವ, ಆದ್ರ ಬೇರೆ ಬೇರೆ,” ಎಂದು ನನಗೆ ಪಾಠ ಶುರು ಮಾಡಿದ. ಪೈಕಿನ ಮೈ ಕಪ್ಪು ಹಸಿರು, ಅದರ ಮೇಲೆ ತಿಳಿ ಬಣ್ಣದ ಚುಕ್ಕೆ. ಮಸ್ಕಿಯದು ಇದಕ್ಕೆ ತಿರುಗಾಮುರುಗಾ, ತಿಳಿ ಮೈಯ ಮೇಲೆ ಕಪ್ಪು ಗುರುತು. ಪೈಕಿನ ಬಾಲದ ತುದಿ ದುಂಡು, ಮಸ್ಕಿಯದು ಚೂಪು. ಸಂಶಯ ಬಂದರೆ ಕೆಳದವಡೆಯ ಅಡಿಯ ಸಣ್ಣ ರಂಧ್ರಗಳನ್ನು ಎಣಿಸಬೇಕು. ಒಂದು ಬದಿಗೆ ಐದರೊಳಗಿದ್ದರೆ ಪೈಕ್, ಆರು ಅಥವಾ ಹೆಚ್ಚಿದ್ದರೆ ಮಸ್ಕಿ. ಪೈಕ್ ಯುರೋಪು, ಏಷ್ಯಾ, ಉತ್ತರ ಅಮೆರಿಕ ಮೂರರಲ್ಲೂ ಉಂಟು. ಮಸ್ಕಿ ಉತ್ತರ ಅಮೆರಿಕದ್ದು ಮಾತ್ರ. ಸ್ವಭಾವವೂ ಬೇರೆ. ಪೈಕ್ ಹಸಿದ ಮಗುವಿನ ಹಾಗೆ, ಎಸೆದದ್ದಕ್ಕೆ ಬಾಯಿ ಹಾಕುತ್ತದೆ. ಮಸ್ಕಿ ದೋಣಿಯವರೆಗೂ ಗಾಳದ ಹಿಂದೆಯೇ ಬಂದು, ಒಮ್ಮೆ ನೋಡಿ, ತಿರುಗಿ ಹೋಗಿಬಿಡುತ್ತದೆ. ಹತ್ತು ಸಾವಿರ ಸಲ ಎಸೆದರೆ ಒಮ್ಮೆ ಸಿಗುವ ಮೀನೆಂದು ಅದಕ್ಕೆ ಹೆಸರು.

“ನಮ್ಮ ಕಾಗಿಣಾದಾಗೂ ಇಂಥ ಜೋಡಿ ಒಂದದ. ನಿಮ್ಮಜ್ಜಗ ಅವೆರಡೂ ಗೊತ್ತಿದ್ದವು,” ಎಂದೆ.

ತಮ್ಮ ಫೋನು ತೆಗೆದುಕೊಂಡ. “ಅಕ್ಕಾ, ಅಪ್ಪ ಹಿಡಿದದ್ದರಾಗ ಎಲ್ಲಕ್ಕಿಂತ ದೊಡ್ಡದು ಯಾವುದು?”

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಆದರೂ, “ನಾಳಿ ಹೇಳ್ತೀನಿ ತಗೋ,” ಎಂದು ಫೋನಿಟ್ಟೆ.

ನಮ್ಮ ಅಪ್ಪ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಫಿಟ್ಟರ್. ಮೀನು ತಿನ್ನುವುದಕ್ಕಿಂತ ಹಿಡಿಯುವುದರ ಹುಚ್ಚು ಅವರಿಗೆ ಹೆಚ್ಚು. ರಜೆಯ ದಿನ ಹೈದರಾಬಾದ ಕಡೆಯ ಪ್ಯಾಸೆಂಜರ್ ಹತ್ತಿ ಚಿತ್ತಾಪುರದಲ್ಲೋ ಮಳಖೇಡ ರೋಡಿನಲ್ಲೋ ಸೇಡಂನಲ್ಲೋ ಇಳಿಯುವರು. ಒಮ್ಮೊಮ್ಮೆ ಶಹಾಬಾದದ ಕಡೆ ಹೋಗಿ, ಕಾಗಿಣಾ ಭೀಮೆಯನ್ನು ಕೂಡುವ ಹೊನಗುಂಟಾದ ದಂಡೆಯಲ್ಲಿ ಸಂಜೆಯವರೆಗೆ ಕುಳಿತು ಬರುವರು. ಚಿಂಚೋಳಿಯಲ್ಲಿ ಬೀಗರ ಮನೆಯಿತ್ತು. ಅಲ್ಲಿಗೆ ಹೋದರೂ ಮುಲ್ಲಾಮಾರಿ ನೋಡದೆ ತಿರುಗಿ ಬರುತ್ತಿರಲಿಲ್ಲ. ಒಂದು ಬಿದಿರ ಕೋಲು, ದಾರ, ಬೆಂಡು, ಗಾಳ, ಡಬ್ಬಿಯಲ್ಲಿ ನಾಲ್ಕು ಕಪ್ಪೆಮರಿ. ಇಷ್ಟೇ ಅವರ ಸಾಮಾನು.

ಅವರ ಮಾತಿನಲ್ಲಿ ಮುರಲು ಎರಡು ಬಗೆ: ಕುಚ್ಚಿನ ಮುರಲು ಮತ್ತು ಹೂವಿನ ಮುರಲು. ಎರಡಕ್ಕೂ ಹಾವಿನಂಥ ತಲೆ, ಉರುಟು ಮೈ, ಬೆನ್ನುದ್ದಕ್ಕೂ ಒಂದೇ ರೆಕ್ಕೆ, ಬಾಯಿ ತುಂಬ ಹಲ್ಲು. ಎರಡೂ ನೀರಿನ ಮೇಲೆ ಬಂದು ಗಾಳಿ ಕುಡಿಯುತ್ತವೆ. ಕುಚ್ಚಿನ ಮುರಲು ಕೆಸರಿನದು. ಕೆರೆ, ಕುಂಟೆ, ಗದ್ದೆ, ಪರಸಿ ಕಲ್ಲು ತೆಗೆದು ಬಿಟ್ಟ ಶಹಾಬಾದದ ಖಣಿಯ ನೀರು ಯಾವುದಾದರೂ ಅದಕ್ಕೆ ನಡೆದೀತು. ನೀರು ಬತ್ತಿದರೆ ಹಸಿ ಕೆಸರಿನಲ್ಲಿ ಹುದುಗಿ ಮಳೆಗೆ ಕಾಯುತ್ತದೆ. ಹೂವಿನ ಮುರಲಿಗೆ ಹೊಳೆಯ ಆಳವಾದ ಮಡುವೇ ಬೇಕು, ಬಂಡೆಯ ಮರೆ ಬೇಕು. ಮೀಟರಿಗೂ ಮೀರಿ ಬೆಳೆಯುತ್ತದೆ. ಮೈಯ ಕಪ್ಪು ಮಚ್ಚೆಗಳ ಮೇಲೆ ಬಿಳಿ ಚುಕ್ಕೆ ಹೂ ಉದುರಿದಂತೆ ಕಾಣುತ್ತವೆ. ಎಳೆಯದಿದ್ದಾಗ ಬಾಲದ ಬುಡದಲ್ಲಿ ಕಿತ್ತಳೆ ಅಂಚಿನ ಕಪ್ಪು ಕಣ್ಣೊಂದು ಇರುತ್ತದೆ.

ಗಾಳದವನಿಗೆ ಕುಚ್ಚಿನ ಮುರಲು ನೆರೆಮನೆಯವನಿದ್ದಂತೆ. ಕಪ್ಪೆ ಕಂಡರೆ ಹಾರಿ ಬರುತ್ತದೆ. ಹೂವಿನ ಮುರಲು ದೊಡ್ಡ ಸಾಹುಕಾರ, ಕಾಯಿಸುತ್ತದೆ. ಒಂದು ಹೂವಿನ ಮುರಲು ಹಿಡಿಯಬೇಕೆಂಬುದು ಅಪ್ಪನ ಜೀವಮಾನದ ಆಸೆಯಾಗಿತ್ತು. ಈಗ ಯೋಚಿಸಿದರೆ, ನನ್ನ ಅಳಿಯ ಪೈಕು ಮಸ್ಕಿಗಳ ಬಗ್ಗೆ ಹೇಳಿದ್ದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

1980ರ ಮಿರುಗದ ಮಳೆ ಬಿದ್ದ ವಾರ. ನನಗೆ ಹತ್ತು ವರ್ಷ. ತಮ್ಮ ಹುಟ್ಟಿ ಇನ್ನೂ ಇಪ್ಪತ್ತು ದಿನ. ಅವ್ವ ಬಹಳ ಸೊರಗಿದ್ದಳು, ಎದೆಯಲ್ಲಿ ಹಾಲಿಲ್ಲ, ಕೂಸು ಹಗಲೂ ರಾತ್ರಿ ಅಳುತ್ತಿತ್ತು. ಓಣಿಯ ಹಿರಿಯಳೊಬ್ಬಳು ಬಂದು, “ಮುರಲಿನ ಸಾರು ಕೊಡ್ರಿ, ಬಾಣಂತಿ ಮೈ ಹಿಡೀತಾಳ,” ಎಂದಳು. ಮುರಲು ಎಂದರೆ ನಮ್ಮ ಕಡೆ ಅರ್ಧ ಔಷಧವೇ. ಮಿರುಗದ ದಿನ ಹೈದರಾಬಾದಿನಲ್ಲಿ ಉಬ್ಬಸದವರಿಗೆ ಬೆರಳುದ್ದದ ಜೀವಂತ ಮುರಲು ಮರಿಯ ಬಾಯಲ್ಲಿ ಮದ್ದಿಟ್ಟು ನುಂಗಿಸುತ್ತಾರೆ. ಅದಕ್ಕೆ ಹೋಗುವವರು ನಮ್ಮ ವಾಡಿಯ ಪ್ಲಾಟ್‌ಫಾರ್ಮಿನ ಮೇಲೆ ರೈಲಿಗೆ ಕಾಯುವುದನ್ನು ನೋಡಿಯೇ ನಾನು ಬೆಳೆದವಳು. 2016ರಲ್ಲಿ ತೆಲಂಗಾಣ ಈ ಮೀನನ್ನೇ ತನ್ನ ರಾಜ್ಯದ ಮೀನು ಮಾಡಿಕೊಂಡಿತು.

ಭಾನುವಾರ ಅಪ್ಪ ನನ್ನನ್ನೂ ಕರೆದುಕೊಂಡು ಮಳಖೇಡಕ್ಕೆ ಹೊರಟರು. ರಾಷ್ಟ್ರಕೂಟರ ಮಾನ್ಯಖೇಟ ಅದು ಎಂದು ನನಗೆ ಆಗ ತಿಳಿಯದು. ಹಳೆಯ ಕೋಟೆ, ಅದರ ಮಗ್ಗುಲಿಗೆ ಹರಿಯುವ ಕಾಗಿಣಾ, ಅಷ್ಟೇ ಗೊತ್ತು. ಹೊಸ ನೀರು ಆಗ ತಾನೇ ಬಂದಿತ್ತು. ದಂಡೆಯ ಜೊಂಡಿನ ಹತ್ತಿರ ಕುಂಕುಮದ ಭರಣಿ ಉರುಳಿದ ಹಾಗೆ ನೀರು ಕೆಂಪಾಗಿ ಕಂಡಿತು. ಆ ಕೆಂಪು ಸರಿದಾಡುತ್ತಿತ್ತು. ಬಗ್ಗಿ ನೋಡಿದರೆ ನೂರಾರು ಮೀನುಮರಿ, ಒಂದಕ್ಕೊಂದು ಒತ್ತಿಕೊಂಡು ಪಟಪಟನೆ ಮೇಲೆ ಬಂದು ಗಾಳಿ ಕುಡಿದು ಮತ್ತೆ ಇಳಿಯುತ್ತಿದ್ದವು. ಅವುಗಳ ಅಡಿಯಲ್ಲಿ ಕಪ್ಪನೆಯ ಉದ್ದದ ನೆರಳು.

“ಅಪ್ಪಾ, ಇಲ್ಲಿ ನೋಡ್ರಿ!” ಎಂದು ಕೂಗಿದವಳು ನಾನೇ.

ಅಪ್ಪ ಬಂದರು, ನೋಡಿದರು, ಏನೂ ಅನ್ನಲಿಲ್ಲ. ಗಾಳಕ್ಕೆ ಕಪ್ಪೆಮರಿ ಸಿಕ್ಕಿಸಿ ಆ ಕೆಂಪಿನ ನಡುವೆ ಹಾಯಿಸಿದರು. ಒಮ್ಮೆ ಹಾಯಿಸಿದಾಗ ನೆರಳು ಕದಲಿತು. ಎರಡನೆಯ ಸಲ ಮೂತಿಯಿಂದ ನೂಕಿತು. ಮೂರನೆಯ ಸಲ ನೀರು ಒಡೆದ ಸದ್ದಿಗೆ ನಾನು ಹಿಂದಕ್ಕೆ ಬಿದ್ದೆ. ಬಿದಿರು ಬಿಲ್ಲಿನಂತೆ ಬಾಗಿತು. ಜೊಂಡಿನೊಳಗೆ ನುಗ್ಗಿದ್ದನ್ನು ಅಪ್ಪ ಮೊಣಕಾಲುದ್ದ ನೀರಿಗಿಳಿದು ಎಳೆದು ತಂದರು. ನನ್ನ ತೋಳಿಗಿಂತ ಉದ್ದವಿತ್ತು. “ಹೂವಿನ ಮುರಲು!” ಎಂದು ಅವರು ನಕ್ಕ ನಗು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಅವ್ವ ಮೂರು ದಿನ ಅದರ ಸಾರು ಉಂಡಳು. ಹಾಲು ಬಂತು. ಸಾರಿನಿಂದ ಬಂತೋ, ಆ ಮೂರು ದಿನ ಅವಳನ್ನು ಒಲೆಯ ಮುಂದೆ ಯಾರೂ ಕೂರಿಸಲಿಲ್ಲ ಎಂಬುದರಿಂದ ಬಂತೋ ನಾನು ಹೇಳಲಾರೆ. ಕೂಸು ಅಳು ನಿಲ್ಲಿಸಿತು.

ಎರಡು ವಾರ ಬಿಟ್ಟು ಮತ್ತೆ ಹೋದೆವು. ನಾನು ಓಡಿದ್ದು ಜೊಂಡಿನ ಹತ್ತಿರಕ್ಕೆ. ಕೆಂಪು ಇರಲಿಲ್ಲ. ದಂಡೆಯಲ್ಲಿ ಬಲೆ ಕೊಡವುತ್ತಿದ್ದ ಮುದುಕನನ್ನು ಕೇಳಿದೆ. “ಕಾಯೋರಿಲ್ಲದ ಕೂಸುಗಳು, ತಂಗಿ. ಉಳಿದ ಮೀನು ಬಿಡ್ತಾವೇನು? ಒಂದು ದಿನಾನೂ ಉಳಿದಿರಲಿಕ್ಕಿಲ್ಲ,” ಎಂದ. ಅಪ್ಪ ಗಾಳಕ್ಕೆ ಕಪ್ಪೆ ಹಚ್ಚುತ್ತಿದ್ದವರು ಕೈ ತಡೆದರು. ಸ್ವಲ್ಪ ಹೊತ್ತು ಕುಳಿತು ದಾರ ಸುತ್ತಿದರು. ಆ ವರ್ಷದಿಂದ ಮಿರುಗ ಬಂದರೆ ಮಹಾನವಮಿಯವರೆಗೆ ಅವರ ಕೋಲು ಅಟ್ಟದ ಮೇಲೆ. ಕೇಳಿದವರಿಗೆ, “ಮಳಿಗಾಲದಾಗ ದಾರ ನೆನೀತದ,” ಎಂದಷ್ಟೇ ಹೇಳುತ್ತಿದ್ದರು.

ಮುಂದೆ ಶಾಲೆಯಲ್ಲಿ ವಿಜ್ಞಾನ ಕಲಿಸುವ ಗೆಳತಿಯ ಪುಸ್ತಕಗಳನ್ನು ತಿರುವುವಾಗ ನನಗೆ ಈ ಮೀನಿನ ಸಂಸಾರ ತಿಳಿಯಿತು. ಮುರಲುಗಳು ಜೊಂಡು ಸರಿಸಿ ದುಂಡಗಿನ ಗೂಡು ಮಾಡುತ್ತವೆ. ಹಳದಿ ತತ್ತಿಗಳು ನೀರಿನ ಮೇಲೆ ತೇಲುತ್ತವೆ. ಒಂದೆರಡು ದಿನಕ್ಕೆ ಮರಿ ಒಡೆದ ಮೇಲೂ ವಾರಗಟ್ಟಲೆ ಕಾವಲು. ಆ ದಿನಗಳಲ್ಲಿ ಮುರಲು ಗಾಳ ಕಚ್ಚುವುದು ಹಸಿವಿಗಲ್ಲ, ಮರಿಗಳ ನಡುವೆ ಬಂದ ಕಪ್ಪೆಯನ್ನು ಓಡಿಸಲಿಕ್ಕೆ. ಪೈಕಿಗೂ ಮಸ್ಕಿಗೂ ಈ ಉಸಾಬರಿ ಇಲ್ಲ. ವಸಂತದಲ್ಲಿ ಜೌಗಿನಲ್ಲಿ ತತ್ತಿ ಚೆಲ್ಲಿ ತಮ್ಮ ದಾರಿ ಹಿಡಿಯುತ್ತವೆ. ಪೈಕ್ ಮೊದಲು ತತ್ತಿ ಇಡುತ್ತದೆ, ಮಸ್ಕಿ ಆಮೇಲೆ. ಹೀಗಾಗಿ ಮೊದಲು ಹುಟ್ಟಿದ ಪೈಕಿನ ಮರಿಗಳು ಮಸ್ಕಿಯ ಮರಿಗಳನ್ನು ತಿನ್ನುವುದೂ ಉಂಟು.

ಇನ್ನೆರಡು ಸಂಗತಿ ಓದಿ ಪುಸ್ತಕ ಮುಚ್ಚಿಟ್ಟೆ. ಒಂದು, ಎಳೆಯ ಮರಿಗಳು ಕೆಂಪು ಕಿತ್ತಳೆ ಇರುವುದು ಕುಚ್ಚಿನ ಮುರಲಿನವು. ಹೂವಿನ ಮುರಲಿನ ಮರಿಗೆ ಕಪ್ಪು ಮೈ, ಅದರ ಮೇಲೆ ಕಿತ್ತಳೆ ಪಟ್ಟಿ. ಮೈ ನಡುವಿನ ಸಾಲಿನಲ್ಲಿ ಹೂವಿನದಕ್ಕೆ 60 ಮತ್ತು ಅದಕ್ಕೂ ಹೆಚ್ಚು ಹುರುಪೆ, ಕುಚ್ಚಿನದಕ್ಕೆ 60ಕ್ಕಿಂತ ಕಡಿಮೆ. ಹುರುಪೆ ಎಣಿಸಲು ಆಗ ನಮಗೆಲ್ಲಿ ವ್ಯವಧಾನ? ಅಪ್ಪ ಹಿಡಿದದ್ದು ಹೂವಿನ ಮುರಲಲ್ಲ. ಇನ್ನೊಂದು, ಕುಚ್ಚಿನ ಮುರಲಿನಲ್ಲಿ ಮರಿ ಕಾಯುವ ಕೆಲಸ ಹೆಚ್ಚಾಗಿ ಗಂಡಿನದು. ಅಷ್ಟು ವರ್ಷ ಮನಸ್ಸಿನಲ್ಲೇ ನಾನು ಕ್ಷಮೆ ಕೇಳುತ್ತ ಬಂದದ್ದು ಒಬ್ಬ ತಾಯಿಯನ್ನು. ಅದು ತಂದೆಯೇ ಇದ್ದಿರಬೇಕು. ಬಾಣಂತಿ ಹೆಂಡತಿಗೂ ಹಸಿದ ಕೂಸಿಗೂ ದಾರಿ ಹುಡುಕುತ್ತ ಬಂದ ಒಬ್ಬ ತಂದೆಯ ಗಾಳಕ್ಕೆ, ಮರಿ ಕಾಯುತ್ತಿದ್ದ ಇನ್ನೊಬ್ಬ ತಂದೆ ಸಿಕ್ಕಿದ್ದ. ಇದನ್ನು ಹೇಳಲು ಅಷ್ಟು ಹೊತ್ತಿಗೆ ಅಪ್ಪ ಇರಲಿಲ್ಲ.

ಹೂವಿನ ಮುರಲಿಗೆ ಶಾಸ್ತ್ರದ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕನನ್. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಬರೆದ ಅದೇ ಬುಕನನ್, 1822ರಲ್ಲಿ ಗಂಗೆಯ ಮೀನುಗಳ ಪುಸ್ತಕದಲ್ಲಿ ಇದನ್ನೂ ಸೇರಿಸಿದ. ಈಗ ಈ ಕುಲದ ಮೀನು ಅಮೆರಿಕದ ಫ್ಲಾರಿಡಾದ ಕಾಲುವೆಗಳಿಗೂ ಸೇರಿಕೊಂಡಿದೆ. ಸ್ಥಳೀಯ ಮೀನುಗಳಿಗೆ ಕುತ್ತೆಂದು ಆ ದೇಶ 2002ರಲ್ಲಿ ಈ ಕುಲದ ಮೀನನ್ನೆಲ್ಲ ತರುವುದನ್ನು ನಿಷೇಧಿಸಿತು. ನಮ್ಮಲ್ಲಿ ಮದ್ದು, ಅಲ್ಲಿ ಪಿಡುಗು.

ಮರುದಿನ ನಾನೇ ಫೋನು ಹಚ್ಚಿದೆ. ಹುಡುಗ ತನ್ನ ಮಸ್ಕಿಯನ್ನು ತಿರುಗಿ ನೀರಿಗೆ ಬಿಟ್ಟದ್ದನ್ನು ಹೇಳಿದ. ಮಿನೆಸೋಟಾದಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ. ನನಗೆ ಮತ್ತೆ ಅಶೋಕ ನೆನಪಾದ. ನಮ್ಮ ಮಸ್ಕಿಯ ಶಾಸನದಲ್ಲಾಗಲಿ, 1989ರಲ್ಲಿ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಸಿಕ್ಕದ್ದರಲ್ಲಾಗಲಿ ಇಲ್ಲ. ದಿಲ್ಲಿಯಲ್ಲಿರುವ ಅವನ ಕಂಬದ ಮೇಲಿದೆ. ಇಂತಿಂಥ ದಿನ ಮೀನು ಕೊಲ್ಲಬಾರದು, ಮಾರಲೂಬಾರದು; ಗಬ್ಬದ, ಹಾಲೂಡಿಸುವ ಆಡು ಕುರಿಗಳನ್ನು ಕೊಲ್ಲಬಾರದು ಎಂದು ಬರೆಸಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಯಾರಿಗೋ ಇದು ಮನಸ್ಸಿಗೆ ಹತ್ತಿತ್ತು.

ಹುಡುಗನಿಗೆ ಎಲ್ಲವನ್ನೂ ಹೇಳಿದೆ. ಗಾಳ ಹಿಡಿಯುವವನಿಗೆ ಎರಡು ಮೀನಿನ ವ್ಯತ್ಯಾಸ ಗೊತ್ತಿರಬೇಕು, ಅದು ಯಾತಕ್ಕೆ ಕಚ್ಚಿತು ಎಂಬುದೂ ಗೊತ್ತಿರಬೇಕು ಎಂದೆ. ತಮ್ಮ ಹಿಂದೆ ನಿಂತು ಕೇಳುತ್ತಿದ್ದ. ಅವನಿಗೆ ಈ ಕಥೆ ಹೊಸದು. ಬಹಳ ಹೊತ್ತು ಸುಮ್ಮನಿದ್ದು, “ಅವ್ವಗ ಗೊತ್ತಿತ್ತೇನಕ್ಕಾ?” ಎಂದ.

ಗೊತ್ತಿತ್ತು. ಮರಿಗಳಿಲ್ಲದ ಆ ಭಾನುವಾರ ರಾತ್ರಿ ನಾನೇ ಅವಳ ಮಗ್ಗುಲಲ್ಲಿ ಮಲಗಿ ಹೇಳಿದ್ದೆ. ಅವ್ವ ಹಾಲು ಕುಡಿಯುತ್ತಿದ್ದ ಕೂಸನ್ನು ಇನ್ನೊಂದು ಎದೆಗೆ ಹಾಕಿಕೊಂಡು, “ಹಂಗಂದ್ರ ನಾ ಉಣಬಾರದಿತ್ತೇನು?” ಎಂದು ಹತ್ತು ವರ್ಷದವಳನ್ನು ಕೇಳಿದ್ದಳು.

ಅದಕ್ಕೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಈಗ ನಲವತ್ತರ ಗಡಿ ದಾಟಿದ ತಮ್ಮ ಮಗನ ಹೆಗಲ ಮೇಲೆ ಕೈಯಿಟ್ಟು ಪರದೆಯಲ್ಲಿ ನಿಂತಿದ್ದಾನೆ. ಉಣಬಾರದಿತ್ತು ಎಂದು ಅವನ ಮುಖ ನೋಡಿ ಹೇಳಲು ನನ್ನಿಂದಾಗದು. ಉಂಡದ್ದು ಲೆಕ್ಕಕ್ಕಿಲ್ಲ ಎನ್ನುವುದೂ ಆಗದು. ಅಪ್ಪನ ಕೋಲು ಈಗಲೂ ನಮ್ಮ ಅಟ್ಟದ ಮೇಲಿದೆ. ಬರುವ ವರ್ಷ ಹುಡುಗ ಬಂದಾಗ ಕೊಡುವುದೆಂದು ಒರೆಸಿ ಇಟ್ಟಿದ್ದೇನೆ. ಮಹಾನವಮಿ ಕಳೆದ ಮೇಲೆ ಬಾ ಎಂದು ಹೇಳಿದ್ದೇನೆ.